ಮಗಳ ರೊಟ್ಟಿಗೊಂದು ಗಿರಣಿ: ಬಿಚ್ಚಿದ್ದು, ತೊಳೆದದ್ದು, ಮತ್ತೆ ಜೋಡಿಸಿದ್ದು

ಗಿರಣಿಯ ಹಿಂದಿನ ಮುಚ್ಚಳದ ನಾಲ್ಕು ಸ್ಕ್ರೂ ತೆಗೆದೆ. ಒಂದು ಹಿಡಿ ಗೋಧಿ ಹಿಟ್ಟು ನನ್ನ ಮೊಣಕಾಲ ಮೇಲೆ ಸುರಿಯಿತು. ಹಳೇ ಹಿಟ್ಟು, ಕಂದು ಬಣ್ಣಕ್ಕೆ ತಿರುಗಿತ್ತು, ಮುಗ್ಗಲು ವಾಸನೆ. ಮಾರಿದವರು ಚೆನ್ನಾಗಿ ಒರೆಸಿ ಕೊಟ್ಟಿದ್ದರು. ಹೊರಗೆ ಬೆರಳು ಆಡಿಸಿದರೆ ಒಂದು ಚೂರು ಧೂಳು ಹತ್ತುತ್ತಿರಲಿಲ್ಲ. ಒಳಗೆ ಮಾತ್ರ ಮೂಲೆ ಮೂಲೆಗೂ ಗೋಧಿ ಕೂತಿತ್ತು.

ಬೇರೆಯವರ ಮನೆಯಲ್ಲಾದರೆ ಇದೇನೂ ದೊಡ್ಡ ವಿಷಯವಲ್ಲ. ನಮ್ಮ ಮಗಳಿಗೆ ಸಿಲಿಯಾಕ್ ಕಾಯಿಲೆ ಇದೆ, ಗೋಧಿ ಒಂದು ಚೂರೂ ಆಗುವುದಿಲ್ಲ. ಅದಕ್ಕೇ ಈ ಗಿರಣಿ ತಂದದ್ದು, ಅದಕ್ಕೇ ಅದನ್ನು ಪೂರ್ತಿ ಬಿಚ್ಚಲು ಕೂತದ್ದು. ಮಾಡಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ಇದೇ ದಾರಿಯಲ್ಲಿರುವ ಇನ್ನೊಂದು ಮನೆಯವರಿಗೆ ನಮ್ಮಷ್ಟು ತಿಂಗಳು ಹಿಡಿಯದಿರಲಿ.

ಮೊದಲು ಸ್ವಲ್ಪ ಹಿಂದಿನ ಮಾತು. ನಾವು ಧಾರವಾಡದವರು. ಮಗಳಿಗೆ ಈಗ ಒಂಬತ್ತು ವರ್ಷ. ಏಳರ ಹೊತ್ತಿಗೆ ಅವಳ ಎತ್ತರ ನಿಂತುಹೋಗಿತ್ತು. ಹೊಟ್ಟೆ ಉಬ್ಬರ, ಊಟವಾದ ಮೇಲೆ ನೋವು. ಒಂದು ವರ್ಷ ಕಬ್ಬಿಣದ ಟಾನಿಕ್ ಕುಡಿಸಿದರೂ ಹಿಮೋಗ್ಲೋಬಿನ್ 8 ದಾಟಲಿಲ್ಲ. ಜಂತುಹುಳು ಅಂದರು, ಸರಿಯಾಗಿ ಊಟ ಮಾಡಲ್ಲ ಅಂದರು. ಕೊನೆಗೆ ಒಬ್ಬ ವೈದ್ಯರು ಮಾತ್ರ ಚಪಾತಿ ದಿನಕ್ಕೆ ಎಷ್ಟು ತಿನ್ನುತ್ತಾಳೆ ಎಂದು ಕೇಳಿದರು. ಟಿಟಿಜಿ ಎಂಬ ರಕ್ತ ಪರೀಕ್ಷೆ ಬರೆದುಕೊಟ್ಟರು. ಪರೀಕ್ಷೆ ಎಲ್ಲಾ ಮುಗಿಯುವವರೆಗೂ ಗೋಧಿ ನಿಲ್ಲಿಸಬೇಡಿ, ಮೊದಲೇ ನಿಲ್ಲಿಸಿದರೆ ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಕಾಣದೇ ಹೋಗಬಹುದು ಎಂದರು. ಆಮೇಲೆ ಎಂಡೋಸ್ಕೋಪಿ, ಕರುಳಿನ ಚೂರಿನ ಪರೀಕ್ಷೆ. ಸಿಲಿಯಾಕ್ ಎಂದು ಖಾತ್ರಿಯಾಯಿತು.

ಗೋಧಿ, ಬಾರ್ಲಿ, ರೈ (ಸಾಸಿವೆಯಲ್ಲ, ಗೋಧಿಯಂಥದೇ ಒಂದು ಧಾನ್ಯ) ಈ ಮೂರರಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಇರುತ್ತದೆ. ಸಿಲಿಯಾಕ್ ಇರುವವರ ದೇಹ ಅದನ್ನು ಕಂಡರೆ ತನ್ನ ಕರುಳಿನ ಮೇಲೆಯೇ ಏರಿ ಹೋಗುತ್ತದೆ. ಸಣ್ಣ ಕರುಳಿನ ಒಳಗೋಡೆಯಲ್ಲಿ ಟವೆಲ್ಲಿನ ಎಳೆಗಳ ಹಾಗೆ ನಿಂತಿರುವ ಸಣ್ಣ ಸಣ್ಣ ಬೆರಳುಗಳು ಸವೆದು ಚಪ್ಪಟೆಯಾಗುತ್ತವೆ. ಆಗ ಕಬ್ಬಿಣ, ಕ್ಯಾಲ್ಸಿಯಂ ಯಾವುದೂ ಮೈಗೆ ಹತ್ತುವುದಿಲ್ಲ. ಇದಕ್ಕೆ ಮಾತ್ರೆ ಇಲ್ಲ. ಜೀವನಪೂರ್ತಿ ಗ್ಲುಟೆನ್ ಬಿಡುವುದೊಂದೇ ದಾರಿ.

ದಕ್ಷಿಣ ಭಾರತದಲ್ಲಿ ಈ ಕಾಯಿಲೆಯನ್ನು ವೈದ್ಯರು ಬೇಗ ಅನುಮಾನಿಸುವುದಿಲ್ಲ, ಅದಕ್ಕೆ ಕಾರಣವೂ ಇದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದೇಶದ ಮೂರು ಭಾಗಗಳ 23,331 ವಯಸ್ಕರನ್ನು ಪರೀಕ್ಷಿಸಿದ್ದರು. ಸಿಲಿಯಾಕ್‌ನ ಸುಳಿವು ಕೊಡುವ ಪ್ರತಿಕಾಯಗಳು ಉತ್ತರದಲ್ಲಿ ನೂರಕ್ಕೆ 1.23 ಮಂದಿಯ ರಕ್ತದಲ್ಲಿ ಕಂಡವು, ದಕ್ಷಿಣದಲ್ಲಿ 0.10. ನಮ್ಮ ಕಡೆ ಅಪರೂಪ ಹೌದು. ಆದರೆ ಧಾರವಾಡದ ಮನೆಗಳಲ್ಲಿ ಈಗ ರಾತ್ರಿ ಊಟಕ್ಕೆ ಚಪಾತಿಯೇ ಜಾಸ್ತಿ. ಅಪರೂಪ ಎಂದು ಕೈಬಿಟ್ಟರೆ ಒಂದು ಮಗುವಿನ ಎರಡು ವರ್ಷ ಹೋಗುತ್ತದೆ. ನಮ್ಮ ಮಗುವಿನದು ಹೋಯಿತು.

ಮನೆಗೆ ಗೋಧಿ ಬರುವುದನ್ನೇ ನಿಲ್ಲಿಸಿದೆವು. ಮೈದಾ, ಚಿರೋಟಿ ರವೆ, ಉಪ್ಪಿಟ್ಟಿನ ರವೆ, ಶ್ಯಾವಿಗೆ ಎಲ್ಲ ಹೊರಗೆ. ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂದು ನಮ್ಮ ಕಡೆ ಹೆಸರಾದ ಸದಕ ಗೋಧಿಯೂ ಹೊರಗೆ. ಅದೂ ಗೋಧಿಯ ಜಾತಿಯೇ, ಅದರಲ್ಲೂ ಗ್ಲುಟೆನ್ ಇದೆ. ಕಟ್ಟಿಗೆಯ ಲಟ್ಟಣಿಗೆ, ಮಣೆ ಕೊಟ್ಟುಬಿಟ್ಟೆವು, ಹೊಸ ಹಂಚು ತಂದೆವು. ಇಂಗಿನ ಡಬ್ಬಿ ತಿರುಗಿಸಿ ನೋಡಿದರೆ ಪದಾರ್ಥಗಳ ಪಟ್ಟಿಯಲ್ಲಿ ಗೋಧಿ ಹಿಟ್ಟು! ಅಂಗಡಿಯ ಇಂಗು ಬರೀ ಇಂಗಲ್ಲ, ಅದಕ್ಕೆ ಅಂಟು ಮತ್ತು ಹಿಟ್ಟು ಬೆರೆಸಿರುತ್ತಾರೆ. ಅಕ್ಕಿ ಹಿಟ್ಟು ಬೆರೆಸಿದ್ದೂ ಸಿಗುತ್ತದೆ, ಈಗ ಅದನ್ನೇ ತರುತ್ತೇವೆ.

ಇಷ್ಟಾದರೂ ಎಂಟು ತಿಂಗಳ ಮೇಲೆ ಟಿಟಿಜಿ 64 ಇತ್ತು. ನಮ್ಮ ಲ್ಯಾಬಿನ ಲೆಕ್ಕದಲ್ಲಿ 20ರ ಕೆಳಗಿರಬೇಕು. ಮೊದಲು 200ರ ಮೇಲಿತ್ತು, ಹಾಗಾಗಿ ಇಳಿದಿದೆ. ಈ ಸಂಖ್ಯೆ ನಿಧಾನವಾಗಿಯೇ ಇಳಿಯುತ್ತದೆ, ಆದರೆ ಹೊಟ್ಟೆನೋವು ಇನ್ನೂ ಬರುತ್ತಿದೆ ಎಂದರೆ ಎಲ್ಲಿಂದಲೋ ಒಳಗೆ ಹೋಗುತ್ತಿದೆ, ಹುಡುಕಿ ಎಂದರು ವೈದ್ಯರು.

ಅವಳು ದಿನಾ ತಿನ್ನುವುದು ಜೋಳದ ರೊಟ್ಟಿ. ಜೋಳದಲ್ಲಿ ಗ್ಲುಟೆನ್ ಇಲ್ಲ. ಆದರೆ ಜೋಳ ಬೀಸುವುದು ಓಣಿಯ ಗಿರಣಿಯಲ್ಲಿ. ಒಂದು ಮಧ್ಯಾಹ್ನ ಹೋಗಿ ಅರ್ಧ ಗಂಟೆ ಸುಮ್ನೆ ನಿಂತು ನೋಡಿದೆ. ಜೋಳಕ್ಕೆ ಬೇರೆ ಯಂತ್ರ, ಗೋಧಿಗೆ ಬೇರೆ ಯಂತ್ರ. ಆದರೆ ಎರಡರ ನಡುವೆ ಮೂರು ಅಡಿ ಜಾಗ. ಕಿಟಕಿಯ ಬಿಸಿಲಲ್ಲಿ ಗೋಧಿ ಹಿಟ್ಟಿನ ಧೂಳು ಜೋಳದ ಡಬ್ಬಿಗಳ ಮೇಲೆ ಇಳಿಯುವುದು ಕಣ್ಣಿಗೆ ಕಾಣುತ್ತಿತ್ತು. ಹಿಟ್ಟು ಬಾಚುವ ಬ್ರಷ್ ಎರಡಕ್ಕೂ ಒಂದೇ. ಗಿರಣಿಯವರ ತಪ್ಪೇನೂ ಇಲ್ಲ. ಅವರು ತುಂಬ ಒಳ್ಳೆಯವರು, ವಿಷಯ ಹೇಳಿದಾಗ "ಮುಂಜಾನೆ ಮೊದಲ್ನೇದು ನಿಮ್ದ ಹಾಕಿ ಕೊಡ್ತೀನ್ರಿ ಸರ" ಎಂದರು. ಆದರೆ ನಿನ್ನೆಯ ಹಿಟ್ಟು ಯಂತ್ರದ ಒಳಗೇ ಇರುತ್ತದಲ್ಲ. ಮನೆಗೇ ಒಂದು ಗಿರಣಿ ಬೇಕು ಎಂದು ಅವತ್ತೇ ತೀರ್ಮಾನಿಸಿದೆ.

ಯಂತ್ರ

ಹೊಸದು ನಮ್ಮ ಕೈಗೆ ಎಟುಕುವಂತಿರಲಿಲ್ಲ. ಪರಿಚಯದವರ ಮನೆಯಲ್ಲಿ ಕೆಟ್ಟು ಮೂಲೆ ಸೇರಿದ್ದ ಒಂದು 1 ಎಚ್‌ಪಿ ಮನೆ ಗಿರಣಿ 5,500 ರೂಪಾಯಿಗೆ ಸಿಕ್ಕಿತು. ಫ್ರಿಡ್ಜಿನ ಅರ್ಧದಷ್ಟು ಎತ್ತರದ ಪೆಟ್ಟಿಗೆ. ಮೇಲೆ ಕಾಳು ಹಾಕುವ ಬಾಯಿ, ಮಧ್ಯದಲ್ಲಿ ಸ್ಟೀಲಿನ ಬೀಸುವ ಕೋಣೆ. ಅದರೊಳಗೆ ಕಲ್ಲಿಲ್ಲ, ಮೋಟಾರಿನ ದಂಡಕ್ಕೆ ಕೂಡಿಸಿದ ಉಕ್ಕಿನ ಬಡಿಗೆಗಳು ಸುತ್ತುತ್ತ ಕಾಳನ್ನು ಬಡಿದು ಪುಡಿ ಮಾಡುತ್ತವೆ. ಪುಡಿಯಾದದ್ದು ಜಾಲರಿಯ ತೂತಿನಿಂದ ಕೆಳಗಿನ ಡಬ್ಬಿಗೆ ಬೀಳುತ್ತದೆ. ಗಾಳಿ ಹೊರಗೆ ಹೋಗಲು ಒಂದು ಬಟ್ಟೆಯ ಚೀಲ.

ಕಲ್ಲಿನ ಗಿರಣಿ ಅಲ್ಲ ಎಂಬುದೇ ಇದನ್ನು ಕೊಳ್ಳಲು ಕಾರಣ. ಕಲ್ಲಿನಲ್ಲಿ ಸಣ್ಣ ತೂತುಗಳಿರುತ್ತವೆ, ವರ್ಷಗಟ್ಟಲೆ ಗೋಧಿ ಬೀಸಿದ ಕಲ್ಲನ್ನು ತೊಳೆದು ನಂಬಲು ನನಗೆ ಧೈರ್ಯವಿಲ್ಲ. ಸ್ಟೀಲನ್ನು ತಿಕ್ಕಿ ತೊಳೆಯಬಹುದು.

ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಸಿಂಗಲ್ ಫೇಸ್ ಮೋಟಾರ್ ಹೀಗೆ ಮಾಡಿದರೆ ಮೊದಲ ಅನುಮಾನ ಕೆಪಾಸಿಟರ್ ಮೇಲೆ, ಮೋಟಾರ್ ತಿರುಗಲು ನೆರವಾಗುವ ಭಾಗ ಅದು. ಪ್ಲಗ್ ತೆಗೆದೆ. ಕೆಪಾಸಿಟರಿನಲ್ಲಿ ಉಳಿದ ಕರೆಂಟನ್ನು ತಂತಿ ಉರಿಯುವ ಹಳೇ ಬಲ್ಬ್ ಹಾಕಿದ ಹೋಲ್ಡರಿನ ಎರಡು ವೈರ್ ಮುಟ್ಟಿಸಿ ಖಾಲಿ ಮಾಡಿದೆ. ಇದನ್ನು ಮಾಡದೆ ಬರಿಗೈಯಲ್ಲಿ ಮುಟ್ಟಬೇಡಿ, ಪ್ಲಗ್ ತೆಗೆದ ಮೇಲೂ ಅದು ಹೊಡೆಯುತ್ತದೆ. ಕೆಪಾಸಿಟರಿನ ತಲೆ ಉಬ್ಬಿತ್ತು. ಅದರ ಮೇಲೆ ಬರೆದಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ವೋಲ್ಟಿನ ಹೊಸದು ಹಾಕಿದೆ. ಮೋಟಾರ್ ಎದ್ದಿತು. ಬೇರಿಂಗ್ ಕಿರುಗುಡುತ್ತಿತ್ತು, ಅದನ್ನೂ ಬದಲಿಸಿದೆ. ರಿಪೇರಿ ಅಷ್ಟೇ, ಒಂದು ಸಂಜೆಯ ಕೆಲಸ. ನಿಜವಾದ ಕೆಲಸ ಗೋಧಿ ತೆಗೆಯುವುದು.

ಗೋಧಿ ತೆಗೆದದ್ದು

ಭಾನುವಾರ ಮಗಳನ್ನು ಅತ್ತೆ ಮನೆಗೆ ಕಳಿಸಿ ಹಿತ್ತಲಲ್ಲಿ ಕೂತೆ. ಒಳಗೆ ಇದನ್ನು ಮಾಡಲೇಬಾರದು. ಗೋಧಿ ಹಿಟ್ಟಿನ ಧೂಳು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತದೆ, ಆಮೇಲೆ ಪಾತ್ರೆ ಪಗಡೆ ಮೇಲೆ ಇಳಿಯುತ್ತದೆ.

ಅಕ್ಕಪಕ್ಕದವರು ಬಂದು ನೋಡಿ ಎಲ್ಲರೂ ಒಂದೇ ಸಲಹೆ ಕೊಟ್ಟರು: ಕುದಿಯುವ ನೀರು ಹಾಕಿ, ಎಲ್ಲಾ ಹೋಗುತ್ತೆ. ಹೋಗುವುದಿಲ್ಲ. ಗ್ಲುಟೆನ್ ಕ್ರಿಮಿಯಲ್ಲ, ಬಿಸಿಗೆ ಸಾಯಲು. ಅದು ಒಂದು ಪ್ರೋಟೀನು. ಹಂಚಿನ ಮೇಲೆ ಬೆಂದ ಚಪಾತಿಯಲ್ಲೂ ಅದು ಹಾಗೇ ಇರುತ್ತದೆ, ಸ್ಯಾನಿಟೈಸರ್ ಹಾಕಿದರೂ ಇರುತ್ತದೆ. ಅದನ್ನು ಕೊಲ್ಲುವ ಮಾತೇ ಇಲ್ಲ, ಜಾಗದಿಂದ ಎತ್ತಿ ಹಾಕಬೇಕು ಅಷ್ಟೇ. ಅದೂ ಮೊದಲು ಒಣಗಿದ ಹಾಗೆಯೇ. ನೀರು ತಾಗಿತೋ, ಹಿಟ್ಟು ಕಣಕವಾಗಿ ಸಂದಿಗೆ ಅಂಟಿ ಕೂರುತ್ತದೆ. ಚಪಾತಿ ಹಿಟ್ಟು ನಾದಿದ ಪರಾತ ತೊಳೆದವರಿಗೆಲ್ಲ ಇದು ಗೊತ್ತು.

ಹಾಗಾಗಿ ಮೊದಲು ಒಣ ಪೇಂಟ್ ಬ್ರಷ್. ಆಮೇಲೆ ಹಲ್ಲುಜ್ಜುವ ಬ್ರಷ್. ಸಂದಿಗಳಿಗೆ ಬಿದಿರಿನ ಕಡ್ಡಿ. ಮೂಗಿಗೆ ಬಟ್ಟೆ. ಬಡಿಗೆಗಳ ನಟ್ ಬಿಚ್ಚಿ ಹೊರಗೆ ತೆಗೆದೆ. ಮೋಟಾರ್ ಬಿಟ್ಟು ಉಳಿದ ಸ್ಟೀಲಿನ ಭಾಗಗಳನ್ನೆಲ್ಲ ತಣ್ಣೀರಿನಲ್ಲಿ ತೊಳೆದು, ಆಮೇಲೆ ಸೋಪು ಹಾಕಿ ತಿಕ್ಕಿ, ಮೂರು ಸಲ ನೀರು ಬದಲಿಸಿ, ಬಿಸಿಲಿಗೆ ಇಟ್ಟೆ.

ತೊಳೆಯಲು ಆಗದ ವಸ್ತುಗಳ ಮೇಲೆ ಕರುಣೆ ತೋರಿಸಲಿಲ್ಲ. ಬಟ್ಟೆಯ ಚೀಲ ಎಸೆದೆ. ನನ್ನ ಹೆಂಡತಿ ಅದೇ ಅಳತೆಗೆ ಹೊಸ ಪಾಪ್ಲಿನ್ ಬಟ್ಟೆಯಲ್ಲಿ ಎರಡು ಹೊಲಿದಳು, ಒಂದು ಒಗೆದಾಗ ಇನ್ನೊಂದು. ಬಾಗಿಲಿನ ಸುತ್ತ ಅಂಟಿಸಿದ್ದ ಸ್ಪಂಜಿನ ಪಟ್ಟಿ ಕಿತ್ತು ಹಿಂಡಿದರೆ ಹಿಟ್ಟು ಬಿತ್ತು, ಅದನ್ನೂ ಎಸೆದು ರಬ್ಬರಿನ ಪಟ್ಟಿ ಹಾಕಿದೆ. ಜಾಲರಿಗಳ ತೂತಿನಲ್ಲಿ ಗೋಧಿ ಗಟ್ಟಿಯಾಗಿ ಕೂತಿತ್ತು. ಮೂರು ಹೊಸ ಜಾಲರಿ ತಂದೆ. ಮೋಟಾರಿನ ದಂಡ ಕೋಣೆಯೊಳಗೆ ಬರುವ ತೂತಿನ ಸುತ್ತ ಒಂದು ದಪ್ಪ ಫೆಲ್ಟಿನ (ಒತ್ತಿ ಮಾಡಿದ ಉಣ್ಣೆಯಂಥ ಬಟ್ಟೆ) ಬಿಲ್ಲೆ ಇತ್ತು. ಅದನ್ನು ನಾನು ಮೊದಲು ಗಮನಿಸಲೇ ಇಲ್ಲ. ರಾತ್ರಿ ಮತ್ತೆ ಜೋಡಿಸುವಾಗ ಟಾರ್ಚ್ ಬಿಟ್ಟು ನೋಡಿದರೆ ಅದರ ಬಣ್ಣ ಕಪ್ಪಲ್ಲ, ಬೂದು. ಚಿಮಟದಲ್ಲಿ ಎಳೆದು ತೆಗೆದೆ. ಎಂಟಾಣೆ ಅಗಲದ ಆ ಬಿಲ್ಲೆಯೊಳಗೆ ಹಿಟ್ಟು ಕಲ್ಲಾಗಿ ಕೂತಿತ್ತು. ಗಿರಣಿ ತಿರುಗಿದಾಗಲೆಲ್ಲ ಅದು ಚೂರು ಚೂರೇ ಉದುರುತ್ತಿತ್ತು. ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ.

ಕೊನೆಗೆ 3 ಕೆಜಿ ಅಕ್ಕಿ ಬೀಸಿ, ಆ ಹಿಟ್ಟನ್ನು ಪಕ್ಕದ ಮನೆಯ ಎಮ್ಮೆಗೆ ಕೊಟ್ಟೆವು. ಮತ್ತೆ ಬಿಚ್ಚಿ ಬ್ರಷ್ ಆಡಿಸಿ, ಇನ್ನೊಂದು 3 ಕೆಜಿ.

ಪರೀಕ್ಷೆ

ಕಣ್ಣಿಗೆ ಚೊಕ್ಕಟ ಕಂಡರೆ ಸಾಲದು. ಗ್ಲುಟೆನ್ ಇಲ್ಲ ಎಂದು ಪೊಟ್ಟಣದ ಮೇಲೆ ಬರೆಯಬೇಕಾದರೆ ನಮ್ಮ ದೇಶದ ನಿಯಮದಂತೆ ಕೆಜಿಗೆ 20 ಮಿಲಿಗ್ರಾಂ ಮೀರಬಾರದು. ಇದನ್ನು ಅಳೆಯುವ ಎಲೈಜಾ ಪರೀಕ್ಷೆಯನ್ನು ಆಹಾರ ಪರೀಕ್ಷಾ ಲ್ಯಾಬ್‌ಗಳು ಮಾಡಿಕೊಡುತ್ತವೆ. ಬೆಂಗಳೂರಿಗೆ ಎರಡು ಪೊಟ್ಟಣ ಕಳಿಸಿದೆ. ಒಂದರಲ್ಲಿ ನಾವೇ ತೊಳೆದು ಒಣಗಿಸಿದ ಅಕ್ಕಿಯ ಹಿಟ್ಟು, ಇನ್ನೊಂದರಲ್ಲಿ ದಿನದ ಜೋಳದ ಹಿಟ್ಟು. ಎರಡೂ ಇದೇ ಗಿರಣಿಯಲ್ಲಿ ಬೀಸಿದ್ದು. ಎರಡು ಕಳಿಸಿದ್ದು ದುಬಾರಿಯಾಯಿತು, ಆದರೆ ಅದೇ ನಮ್ಮನ್ನು ಕಾಪಾಡಿತು.

ವರದಿ ಬಂತು. ಅಕ್ಕಿ ಹಿಟ್ಟು: 5ಕ್ಕಿಂತ ಕಡಿಮೆ, ಅಂದರೆ ಆ ಪರೀಕ್ಷೆಗೆ ಅಳೆಯಲೂ ಸಿಗದಷ್ಟು. ಜೋಳದ ಹಿಟ್ಟು: 58.

ಗಿರಣಿ ಚೊಕ್ಕಟವಾಗಿದೆ. ಹಾಗಾದರೆ ಗೋಧಿ ಬಂದದ್ದೆಲ್ಲಿಂದ? ಕಾಗದ ಹಿಡಿದು ನಾನು ಕಟ್ಟೆಯ ಮೇಲೆ ಕೂತಿದ್ದೆ. ಅವ್ವ ಬಂದು ಪಕ್ಕದಲ್ಲಿ ಕೂತಳು.

"ಯಂತ್ರ ತೊಳದೀ, ತೊಳದೀ. ಕಾಳ ನೋಡೀಯೇನು?"

ಒಳಗಿನಿಂದ ಮರ ತಂದಳು. ನೀವು ಮೊರ ಎನ್ನುತ್ತೀರಿ, ನಮ್ಮಲ್ಲಿ ಮರ. ಒಂದು ಸೇರು ಜೋಳ ಸುರಿದು ಕೇರಿದಳು. ಬಿಳಿ ಜೋಳದ ನಡುವೆ ಕೆಂಚು ಬಣ್ಣದ ಒಂದು ಉದ್ದ ಕಾಳು. ಬೆನ್ನಿಗೆ ಸೀಳು. ಗೋಧಿ. ಇನ್ನೊಂದು. ಮತ್ತೊಂದು. ಒಂದು ಕೆಜಿ ತೂಗಿ ಪೂರ್ತಿ ಆರಿಸಿದೆವು. 17 ಗೋಧಿ ಕಾಳು ಸಿಕ್ಕವು.

ನಾನು ಲೆಕ್ಕ ಹಾಕಿದೆ. ಒಂದು ಗೋಧಿ ಕಾಳು ಸುಮಾರು 40 ಮಿಲಿಗ್ರಾಂ ತೂಗುತ್ತದೆ. ಅದರಲ್ಲಿ ಗ್ಲುಟೆನ್ ಮೂರೂವರೆ ಮಿಲಿಗ್ರಾಂ ಆಸುಪಾಸು. ಹದಿನೇಳು ಕಾಳಿಗೆ ಹೆಚ್ಚು ಕಡಿಮೆ 58ರ ಲೆಕ್ಕವೇ ಬಂತು. ಒಂದು ಕೆಜಿ ಜೋಳದಲ್ಲಿ ಸುಮಾರು 30,000 ಕಾಳು ಇರುತ್ತವೆ. ಅದರಲ್ಲಿ ಆರು ಗೋಧಿ ಕಾಳು ಸೇರಿದರೆ 20ರ ಮಿತಿ ಮುಗಿಯಿತು. ಆರೇ ಆರು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೆರಕೆ ಹೇಗಾಗುತ್ತದೆ ಎಂದು ಅವ್ವನೇ ಹೇಳಿದಳು. ನಮ್ಮ ಎರೆ ಹೊಲಗಳಲ್ಲಿ ಹಿಂಗಾರಿಗೆ ಜೋಳ, ಕಡಲೆ, ಕುಸುಬೆ, ಗೋಧಿ ಅಕ್ಕಪಕ್ಕದಲ್ಲೇ ಬೆಳೆಯುತ್ತಾರೆ. ಒಂದೇ ರಾಶಿ ಯಂತ್ರ ಹೊಲದಿಂದ ಹೊಲಕ್ಕೆ ಹೋಗುತ್ತದೆ. ಅದೇ ಚೀಲ, ಅದೇ ಟ್ರ್ಯಾಕ್ಟರ್. ಅಂಗಡಿಯಲ್ಲಿ ಅದೇ ಮೊಗೆ. ಬೇರೆಯವರಿಗೆ ಇದರಿಂದ ಏನೂ ಆಗುವುದಿಲ್ಲ, ಹಾಗಾಗಿ ಯಾರೂ ನೋಡುವುದಿಲ್ಲ.

ಹಲಗೆ

ದಿನಾ ಒಂದೊಂದೇ ಕಾಳು ಆರಿಸುವುದು ಆಗದ ಕೆಲಸ. ತಿಂಗಳಿಗೆ ನಮಗೆ 15 ಕೆಜಿ ಜೋಳ ಬೇಕು. ಅವ್ವ ಮರವನ್ನು ಓರೆಯಾಗಿ ಹಿಡಿದು ಬೆರಳಿಂದ ಮೆಲ್ಲಗೆ ತಟ್ಟುತ್ತಿದ್ದಳು. "ದುಂಡಂದು ಉರುಳ್ತದ, ಉದ್ದಂದು ಕುಂದರ್ತದ" ಎಂದಳು. ನಾನು ಕಟ್ಟಿದ್ದು ಅದನ್ನೇ, ಸ್ವಲ್ಪ ಉದ್ದ ಮಾಡಿ.

ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲದ ಪ್ಲೈವುಡ್. ಎರಡೂ ಬದಿಗೆ ಒಂದಿಂಚಿನ ರೀಪು. ಮೇಲೆ ಒರಟು ಹತ್ತಿ ಬಟ್ಟೆ ಬಿಗಿಯಾಗಿ ಎಳೆದು, ಹಿಂದೆ ಮೊಳೆ ಹೊಡೆದೆ. ಅಂಟು ಹಾಕಲಿಲ್ಲ, ಬಟ್ಟೆ ಬಿಚ್ಚಿ ಒಗೆಯಬೇಕಲ್ಲ. ಮೊದಲು ಬರೀ ಪ್ಲೈವುಡ್ ಮೇಲೆ ಪ್ರಯತ್ನಿಸಿದ್ದೆ, ನುಣುಪಿಗೆ ಗೋಧಿಯೂ ಜಾರಿತು. ಬಟ್ಟೆಯ ಒರಟು ಗೋಧಿಯನ್ನು ಹಿಡಿದುಕೊಳ್ಳುತ್ತದೆ.

ಓರೆ ಎಷ್ಟಿರಬೇಕು ಎಂಬುದಕ್ಕೆ ಮಗಳ ಶಾಲೆಯ ಪುಸ್ತಕಗಳನ್ನು ಒಂದರ ಮೇಲೊಂದು ಇಟ್ಟು ನೋಡಿದೆವು. ಎಂಟು ಇಂಚು ಎತ್ತರಿಸಿದಾಗ ಜೋಳವೂ ಅಲ್ಲೇ ನಿಂತಿತು. ಎರಡು ಅಡಿಗೆ ಎಲ್ಲವೂ ಬಡಬಡ ಇಳಿಯಿತು. ಹದಿನಾಲ್ಕು ಇಂಚಿಗೆ ಹದ ಸಿಕ್ಕಿತು. ಜೋಳ ಟಪಟಪ ಉರುಳಿ ಕೆಳಗಿನ ಪರಾತಕ್ಕೆ ಬಿತ್ತು, ಗೋಧಿ ಅರ್ಧ ದಾರಿಯಲ್ಲಿ ಅಡ್ಡಡ್ಡ ಮಲಗಿತು. ಒಡಕಲು ಜೋಳ, ಕಲ್ಲು, ಹೊಟ್ಟು ಕೂಡ ಬಟ್ಟೆಯ ಮೇಲೆಯೇ ಉಳಿಯಿತು. ಒಂದೇ ಸಲ ಜಾಸ್ತಿ ಸುರಿಯಬಾರದು, ಗೋಧಿ ಜೋಳದ ಬೆನ್ನೇರಿ ಕೆಳಗೆ ಬಂದುಬಿಡುತ್ತದೆ. ಒಂದೊಂದೇ ಹಿಡಿ, ಹಲಗೆಯ ಅಗಲಕ್ಕೆ ಹರಡಿ ಬಿಡಬೇಕು. ಪ್ರತಿ ಸೇರಿಗೂ ಬಟ್ಟೆ ಕೊಡವಬೇಕು.

ಬೇಕೆಂದೇ 17 ಗೋಧಿ ಕಾಳು ಬೆರೆಸಿ ಒಂದು ಕೆಜಿ ಬಿಟ್ಟೆವು. ಮೊದಲ ಸಲ 3 ಕಾಳು ಕೆಳಗೆ ಬಂದವು. ಎರಡನೇ ಸಲ 1. ಆಮೇಲೆ ಸ್ಟೀಲಿನ ತಾಟಿನಲ್ಲಿ ತೆಳುವಾಗಿ ಹರಡಿ ಕಣ್ಣಾಡಿಸುವುದು. ಈ ಕೊನೆಯ ಕೆಲಸ ಮಗಳದ್ದು. ಅವಳ ಕಣ್ಣು ನಮ್ಮೆಲ್ಲರಿಗಿಂತ ಚುರುಕು. ಸಿಕ್ಕ ಗೋಧಿ ಕಾಳನ್ನು ಚಿಮಟದಲ್ಲಿ ಎತ್ತಿ ಒಂದು ಸಣ್ಣ ಬಾಟಲಿಗೆ ಹಾಕುತ್ತಾಳೆ, ಮುಚ್ಚಳದ ಮೇಲೆ ಎಣಿಕೆ ಬರೆಯುತ್ತಾಳೆ, ಕೈ ತೊಳೆಯುತ್ತಾಳೆ.

ಅಂಗಡಿಯ ಜೋಳವನ್ನೂ ಬಿಟ್ಟೆವು. ನವಲಗುಂದದ ಕಡೆ ನಮ್ಮ ಸಂಬಂಧಿಕರ ಹೊಲವಿದೆ. ರಾಶಿಗೆ ಮುಂಚೆ ಯಂತ್ರ ಪೂರ್ತಿ ಖಾಲಿ ಓಡಿಸಿ, ಮೊದಲ ಎರಡು ಚೀಲ ಬೇರೆ ಇಟ್ಟು, ಮೂರನೆಯದನ್ನು ಹೊಸ ಚೀಲಕ್ಕೆ ತುಂಬಿ ನಮಗೆ ಕೊಡುತ್ತಾರೆ. ಆ ಚೀಲದಲ್ಲಿ ಹಲಗೆಗೆ ಬಿಡುವ ಮುಂಚೆಯೇ ಕೆಜಿಗೆ ಎರಡು ಮೂರು ಕಾಳಿಗಿಂತ ಜಾಸ್ತಿ ಸಿಕ್ಕಿಲ್ಲ. ಹಲಗೆ, ತಾಟು ಎರಡೂ ದಾಟಿದ ಜೋಳದ ಹಿಟ್ಟನ್ನು ಮತ್ತೆ ಬೆಂಗಳೂರಿಗೆ ಕಳಿಸಿದೆ. 5ಕ್ಕಿಂತ ಕಡಿಮೆ ಎಂದು ಬಂತು.

ರೊಟ್ಟಿ

ಇಷ್ಟೆಲ್ಲ ಆದ ಮೇಲೆ ರೊಟ್ಟಿ ಹರಿಯತೊಡಗಿತು. ಗೋಧಿ ಕಣಕ ಎಳೆದರೂ ಹರಿಯದಂತೆ ಹಿಡಿದುಕೊಳ್ಳುವುದು ಗ್ಲುಟೆನ್ನೇ. ಜೋಳಕ್ಕೆ ಅದಿಲ್ಲ. ಕುದಿಯುವ ನೀರು ಬಿದ್ದಾಗ ಹಿಟ್ಟಿನ ಪಿಷ್ಟ ಬೆಂದು ಅಂಟಾಗುತ್ತದಲ್ಲ, ಆ ಜಿಗಿಯೇ ರೊಟ್ಟಿಯನ್ನು ಹಿಡಿದಿಡುತ್ತದೆ. ನಾನು ಅತಿ ಸಣ್ಣ ಜಾಲರಿ ಹಾಕಿದ್ದೆ. ಹಿಟ್ಟು ಹೊರಬರಲು ತಡವಾಗಿ, ಒಳಗೇ ಸುತ್ತಿ ಸುತ್ತಿ ಕೈ ಸುಡುವಷ್ಟು ಬಿಸಿಯಾಗುತ್ತಿತ್ತು. ಹೆಂಡತಿ ಹಿಟ್ಟು ಹಿಚುಕಿ ನೋಡಿ "ಜಿಗಿನೇ ಇಲ್ಲ, ಹಿಟ್ಟು ಸುಟ್ಟದ" ಎಂದಳು. ಮುಂದಿನ ಅಳತೆಯ ಜಾಲರಿ ಹಾಕಿ, ಕಾಳು ಬೀಳುವ ಬಾಯಿ ಅರ್ಧ ಮುಚ್ಚಿ, ಎರಡು ಕೆಜಿಗೊಮ್ಮೆ ಹದಿನೈದು ನಿಮಿಷ ಬಿಡುವು ಕೊಟ್ಟೆ. ಈಗ ಹಿಟ್ಟು ಬೆಚ್ಚಗೆ ಬರುತ್ತದೆ, ಅಷ್ಟೇ. ವಾರಕ್ಕೆ ಬೇಕಾದಷ್ಟೇ ಬೀಸುತ್ತೇವೆ, ಹಳತಾದ ಜೋಳದ ಹಿಟ್ಟಿಗೂ ಜಿಗಿ ಇರುವುದಿಲ್ಲ.

ಎಸರು ಕುದಿಯುವಾಗ ಅಡಿಗೆಮನೆಯಲ್ಲಿ ಬರುವ ಜೋಳದ ಆ ಸಿಹಿ ವಾಸನೆ, ಆಮೇಲೆ ಪಟ್ ಪಟ್ ಎಂದು ರೊಟ್ಟಿ ಬಡಿಯುವ ಸದ್ದು. ಹಂಚಿನ ಮೇಲೆ ನೀರು ಸವರಿದ ರೊಟ್ಟಿ ತಿರುವಿ ಹಾಕಿದಾಗ ಪೂರಿಯ ಹಾಗೆ ಉಬ್ಬಿತು. ಮಗಳು ಎಣ್ಣೆ, ಶೇಂಗಾ ಚಟ್ನಿ ಹಚ್ಚಿಕೊಂಡು ಮೂರು ತಿಂದಳು. ಊಟವಾದ ಮೇಲೆ ಹೊಟ್ಟೆ ಹಿಡಿದುಕೊಂಡು ಮಲಗಲಿಲ್ಲ, ಹೊರಗೆ ಆಡಲು ಹೋದಳು. ನನ್ನ ಹೆಂಡತಿ ಕೈಯಲ್ಲಿ ಹಿಟ್ಟು ಹಾಗೇ ಇಟ್ಟುಕೊಂಡು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಗಿರಣಿ ಮನೆಗೆ ಬಂದು ಈಗ ಏಳು ತಿಂಗಳು. ಕಳೆದ ವಾರದ ಟಿಟಿಜಿ 16. ಹಿಮೋಗ್ಲೋಬಿನ್ 11.4. ಬಾಗಿಲ ಚೌಕಟ್ಟಿನ ಮೇಲೆ ಎತ್ತರದ ಗೆರೆ ಹಾಕುತ್ತೇವೆ, ಎರಡು ವರ್ಷ ಒಂದೇ ಕಡೆ ಗೀಚಿದ ಗೆರೆಯ ಮೇಲೆ ಈಗ ಮೂರು ಬೇರೆ ಬೇರೆ ಗೆರೆಗಳಿವೆ. ಬಾಟಲಿಯ ಮುಚ್ಚಳದ ಎಣಿಕೆ 212ಕ್ಕೆ ಬಂದಿದೆ.

ಮುಂದಿನದು ಸಜ್ಜೆ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬೇಕು ಎಂದು ಮಗಳು ಈಗಲೇ ಹೇಳಿಟ್ಟಿದ್ದಾಳೆ. ಸಜ್ಜೆ ಕಾಳು ಜೋಳದಷ್ಟು ದುಂಡಗಿಲ್ಲ, ಹಲಗೆಯ ಮೇಲೆ ಅಲ್ಲಲ್ಲೇ ನಿಂತುಬಿಡುತ್ತದೆ. ಆದರೆ ಗೋಧಿಗಿಂತ ಸಣ್ಣದು. ಹಾಗಾಗಿ ಸಣ್ಣ ತೂತಿನ ಜರಡಿಯಲ್ಲಿ ಗೋಧಿ ಮೇಲುಳಿಯಬೇಕು. ಗೋಧಿ ಕಾಳು ನೆಟ್ಟಗೆ ನಿಂತು ತೂತಿನಿಂದ ಇಳಿಯುವ ಭಯವಿದೆ, ಮೇಲೆ ಕೆಳಗೆ ಕುಲುಕದೆ ಮೆಲ್ಲಗೆ ಆಡಿಸಬೇಕು ಎನ್ನುತ್ತಾಳೆ ಅವ್ವ. ಎರಡು ಅಳತೆಯ ಜರಡಿಗೆ ಹೇಳಿ ಬಂದಿದ್ದೇನೆ, ಶುಕ್ರವಾರ ಸಿಗುತ್ತವೆ.